ಹೆಂಚಿನ ಸಾಹೇಬರ ದೇಶವೂ ನಾನು ಬಿಟ್ಟ ಬೀದಿಯೂ

ಸರ್ಕಾರಿ ಕಚೇರಿಗಳಲ್ಲಿ ಹೊಸದಾಗಿ ಗುಮಾಸ್ತೆ ಕೆಲಸಕ್ಕೆ ಸೇರುತ್ತಿರುವ ತರುಣರ ಸಮಕ್ಷಮಕ್ಕೆ, ಕೋಲಾರ ಸೀಮೆಯ ನಿವೃತ್ತ ಗುಮಾಸ್ತನೊಬ್ಬನು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೊದಲನೆಯದಾಗಿ ಕ್ಷಮೆಯನ್ನು ಬೇಡುತ್ತೇನೆ. ನನ್ನ ಅಕ್ಷರ ಗುಂಡಗಿಲ್ಲ. ಕಾಗದದ ಮೇಲೆ ಕಾಗದವಿಟ್ಟು ನಕಲು ಪೆನ್ಸಿಲನ್ನು ಒತ್ತೊತ್ತಿ ಬರೆದು ಬೆರಳುಗಳು ಸೆಟೆದುಕೊಂಡಿವೆ. ಕಾಗುಣಿತವೂ ಅಲ್ಲಲ್ಲಿ ಕೈಕೊಡುತ್ತದೆ. ಸೇವೆಯಲ್ಲಿದ್ದಷ್ಟು ಕಾಲ ಬರೆದದ್ದೆಲ್ಲ ಇನ್ನೊಬ್ಬರ ರುಜುವಿಗಾಗಿ. ಸ್ವಂತ ರುಜುವಿಗೆಂದು ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ಭಯವಾಗುತ್ತಿದೆ. ಆದರೂ ಜನರ ಪಟ್ಟಿ ಬರೆಯುವ ವಿಷಯವನ್ನು ನೆನೆದ ಕೂಡಲೇ ಈ ವಯಸ್ಸಿನಲ್ಲಿಯೂ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ! ಬಡ್ತಿ, ವರ್ಗಾವಣೆಗಳ ವಿವರ ಯಾರಿಗೂ ಬೇಡವೆಂದು ಕೈಬಿಟ್ಟಿದ್ದೇನೆ. ಮೂರು ಪಟ್ಟಿಗಳ ವಿಚಾರ ಮಾತ್ರ ಬರೆಯುತ್ತೇನೆ. ಮೂರರಲ್ಲಿಯೂ ನಾನು ತಪ್ಪು ಮಾಡಿದೆನು. ಮೂರನೆಯದು ದೊಡ್ಡದು.

ಮೂವತ್ತರ ದಶಕದಲ್ಲಿ ಶ್ರೀನಿವಾಸಪುರದಲ್ಲಿ ಕೆಲಸಕ್ಕೆ ಸೇರಿದೆನು. ಅಲ್ಲಿನ ಹಿರಿಯ ಗುಮಾಸ್ತರಾದ ರಾಮಣ್ಣನವರು ನನಗೆ ಗುರುಗಳು. ಹಳ್ಳಿಗೆ ಹೋಗಿ ಜನರ ಪಟ್ಟಿ ಬರೆಯುವ ಕ್ರಮವನ್ನು ಅವರು ಮಾವಿನ ತೋಪಿನ ನೆರಳಲ್ಲಿ ನಿಂತು ಬೋಧಿಸಿದ್ದು ಹೀಗೆ:

"ನೋಡಪ್ಪಾ, ಪಟೇಲರ ಜಗಲಿ ಸಿಕ್ತಾ, ಕೂತ್ಕೊ. ನೀರು ಬರುತ್ತೆ, ಎಲೆಅಡಿಕೆ ಬರುತ್ತೆ, ಊರಿಗೂರೇ ನಿನ್ನ ಮುಂದೆ ಬರುತ್ತೆ. ಜಗಲಿ ಇಳಿದ್ಯೋ, ಕೆಟ್ಟೆ! ಒಂದು ಹಳ್ಳಿಗೆ ಮೂರು ದಿನ ಹಿಡಿಯುತ್ತೆ, ನಾಯಿ ಬೇರೆ ಅಟ್ಟಿಸ್ಕೊಂಡು ಬರುತ್ತೆ."

ಪಟೇಲರು ಕಣ್ಣು ಮುಚ್ಚಿಕೊಂಡು ಮನೆ ಮನೆಯ ಹೆಸರುಗಳನ್ನು ಹೇಳುವುದು, ಶಾನುಭೋಗರು ಹೌದೆನ್ನುವುದು, ನಾನು ಬರೆಯುವುದು. ಸೂರ್ಯ ನೆತ್ತಿಗೇರುವ ಮೊದಲೇ ಒಂದು ಗ್ರಾಮ ಮುಗಿಯುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದುದು ಇದೇ ಜಗಲಿಗಣತಿ. ನಾನು ಅದರಲ್ಲಿ ಬಹು ಬೇಗ ನಿಪುಣನಾದೆನು. ಇದನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲನೆಯ ಪಟ್ಟಿ ನಲವತ್ತೊಂದರ ಜನಗಣತಿಯದು. ಆಗ ಮುಳಬಾಗಿಲಿನಲ್ಲಿದ್ದೆನು. ತಾಯಲೂರು ಹೋಬಳಿಯ ಒಂದು ಹಳ್ಳಿಯಲ್ಲಿ ಜಗಲಿಯ ಮೇಲೆ ಕುಳಿತು, ಮಾತೃಭಾಷೆ ಎಂಬ ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ 'ಕನ್ನಡ', 'ಕನ್ನಡ' ಎಂದು ತುಂಬಿಸಿದೆನು. ಕೇಳಿದ್ದಕ್ಕೆಲ್ಲ ಜನರು ಕನ್ನಡದಲ್ಲಿಯೇ ಉತ್ತರ ಕೊಟ್ಟಿದ್ದರಷ್ಟೆ. ಹೊರಡುವಾಗ ಎತ್ತು ಹಿಡಿದು ನಿಂತಿದ್ದ ಮುದುಕರೊಬ್ಬರು ಏನು ಬರೆದಿರಿ ಎಂದು ಕೇಳಿದರು. ಹೇಳಿದೆನು. ಅವರು ಬಾಯ್ತುಂಬ ನಕ್ಕರು.

"ಇಂಟ್ಲೋ ತೆಲುಗು ಸ್ವಾಮಿ. ಮನೇಲಿ ನಾವು ತೆಲುಗೇ ಮಾತಾಡೋದು. ನಿಮ್ಮತ್ರ ಕನ್ನಡ. ಎತ್ತಿನತ್ರ ಎರಡೂನೂ!"

ವಿಷಯ ಹೋಬಳಿಯ ಅಧಿಕಾರಿಗಳಾದ ಶೇಕ್‌ದಾರರ ಕಿವಿಗೆ ಬಿದ್ದಿತು. ಅವರು ಹಾಳೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇದು ಊರಿನ ಭಾಷೆ ಅಲ್ಲ ಕಣಯ್ಯಾ, ನಿನ್ನ ಭಾಷೆ," ಎಂದರು. ಊರನ್ನೆಲ್ಲ ಮತ್ತೆ ಬರೆದೆನು. ನಾಚಿಕೆಯಾಯಿತೇ ಹೊರತು ಬುದ್ಧಿ ಬರಲಿಲ್ಲ. ಎರಡನೆಯ ಸಲ ಬರೆದದ್ದೂ ಜಗಲಿಯ ಮೇಲೆಯೇ.

ಎರಡನೆಯ ಪಟ್ಟಿ ಯುದ್ಧಕಾಲದ ಪರಕೀಯರ ರಿಜಿಸ್ಟರು. ಅದರ ಕೆಲಸಕ್ಕಾಗಿ ನನ್ನನ್ನು ಕೋಲಾರಕ್ಕೆ ಎರವಲು ಸೇವೆಯ ಮೇಲೆ ಕರೆಸಿಕೊಂಡರು. ಹೊರದೇಶದವರು ಯಾರೇ ಇರಲಿ, ನಿಗದಿಯಾದ ದಿನ ಬಂದು ಹಾಜರಿ ಹಾಕಿ ಹೋಗಬೇಕು. ಒಂದು ದಿನ ಕೆಂಪು ಮುಖದ, ಕೆಮ್ಮಣ್ಣು ಮೆತ್ತಿದ ಬೂಟುಗಳ ಎತ್ತರದ ಮನುಷ್ಯರೊಬ್ಬರು ಒಳಗೆ ಬಂದು, ನಮ್ಮ ಮೇಲಧಿಕಾರಿಗಳ ಮೇಜಿನ ಮುಂದೆ ನಿಂತು, ಬಹಳ ವಿನಯದಿಂದ ತಲೆಬಾಗಿ, "ಏನ್ಲಾ, ಚೆನ್ನಾಗಿದ್ದೀಯಾ?" ಎಂದರು!

ಅಧಿಕಾರಿಗಳ ಮೀಸೆ ಮೇಲೆದ್ದಿತು. ವಿಚಾರಿಸಲಾಗಿ, ಅವರು ಮಾಲೂರಿನ ಕಡೆಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಗೂಡು ಸುಡುವ ಕೆಲಸದ ಮೇಲ್ವಿಚಾರಕರೆಂದೂ, ಕನ್ನಡವನ್ನು ಗೂಡಿನ ಬಾಯಲ್ಲಿ ಕೂಲಿಯವರಿಂದಲೇ ಕಲಿತರೆಂದೂ, ಅದಕ್ಕಿಂತ ಗೌರವದ ಮಾತು ಇನ್ನೊಂದಿದೆಯೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲವೆಂದೂ ತಿಳಿದುಬಂದಿತು. ಅವರನ್ನು ಜನ ಹೆಂಚಿನ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ.

ರಿಜಿಸ್ಟರಿನಲ್ಲಿ 'ಯಾವ ರಾಷ್ಟ್ರದವರು' ಎಂದು ಒಂದು ಕಾಲಂ, ಅದರ ಪಕ್ಕದಲ್ಲಿ 'ಧರ್ಮ' ಎಂದು ಇನ್ನೊಂದು.

"ಯಾವ ರಾಷ್ಟ್ರ ಸ್ವಾಮಿ?"

"ಯೆಹೂದಿ ಅಂತ ಬರಿ."

"ಅದು ಧರ್ಮ. ಪಕ್ಕದ ಕಾಲಮಿನಲ್ಲಿ ಬರೆಯುತ್ತೇನೆ."

"ಅಲ್ಲೂ ಅದೇ ಬರಿ."

"ಎರಡು ಕಾಲಮಿನಲ್ಲೂ ಒಂದೇ ಮಾತು ಬಂದರೆ ಕಾಗದ ವಾಪಸು ಬರುತ್ತೆ ಸ್ವಾಮಿ."

"ನನ್ನ ಜನದ ಕಥೆಯೇ ಅದು ಕಣಯ್ಯಾ. ಎಲ್ಲಿ ಹೋದರೂ ವಾಪಸು!" ಎಂದು ಅವರು ಮೇಜು ಗುದ್ದಿ ನಕ್ಕರು.

ಅವರು ಹುಟ್ಟಿದ್ದು ಜರ್ಮನಿಯಲ್ಲೆಂದು ಅವರ ಕಾಗದಗಳಲ್ಲಿದ್ದುದರಿಂದ, ನಾನು ಸುರಕ್ಷಿತವಾಗಿರಲೆಂದು 'ಜರ್ಮನಿ, ಶತ್ರುದೇಶ' ಎಂದು ಬರೆದೆನು. ಅವರು ಅದನ್ನು ಓದಿದರು. ಆಮೇಲೆ ನಿಧಾನವಾಗಿ ಹೇಳಿದರು: "ನಾನು ಜರ್ಮನಿಯವನಲ್ಲ ಅಂತ ಅಲ್ಲಿಯವರು ಓಡಿಸಿದರು. ಜರ್ಮನಿಯವನೇ ಅಂತ ಈಗ ನೀನು ಹಿಡಿದಿದ್ದೀಯ. ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬನ್ರಯ್ಯಾ." ಅವರ ತಾತ, ಮುತ್ತಾತ ಅಲ್ಲಿಯೇ ಹೆಂಚು ಸುಟ್ಟವರಂತೆ. ತಂದೆ ಆ ದೇಶಕ್ಕಾಗಿ ಹಿಂದಿನ ಯುದ್ಧದಲ್ಲಿ ಕಾದಿದವರಂತೆ. ಒಂದು ದಿನ ಹೊಸ ಕಾನೂನು ಬಂದು, ಅವರೆಲ್ಲ ನಾಗರಿಕರಲ್ಲವೆಂದಾಯಿತಂತೆ. "ಆ ಸರ್ಕಾರ ಆಕಾಶದಿಂದ ಬೀಳಲಿಲ್ಲ. ನಮ್ಮ ಬೀದಿಯೋರು ಎಷ್ಟೋ ಮಂದಿ ಅದಕ್ಕೇ ಮತ ಹಾಕಿದ್ದರು," ಎಂದರು. ಮತ ಹಾಕುವುದೆಂದರೆ ಎಲ್ಲವೂ ಸರಿಹೋದಂತೆ ಎಂದು ನಂಬಿದ್ದ ನನಗೆ ಆ ಮಾತು ಅರ್ಥವಾಗಲಿಲ್ಲ. ಆದರೂ ಮರೆಯಲಿಲ್ಲ.

ಇನ್ನು ಮೂರನೆಯ ಪಟ್ಟಿ. ಸ್ವಾತಂತ್ರ್ಯ ಬಂದಿತ್ತು, ಮೈಸೂರಿನಲ್ಲಿಯೂ ಜವಾಬ್ದಾರಿ ಸರ್ಕಾರ ಬಂದಿತ್ತು. ನಾನು ಆಗ ಮಾಲೂರು ಸೀಮೆಯಲ್ಲಿದ್ದೆನು, ಹೆಂಚಿನ ಸಾಹೇಬರ ಪರಿಚಯ ಅಷ್ಟರಲ್ಲಿ ಸ್ನೇಹವಾಗಿತ್ತು. ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬ ಗಂಡಸು, ಪ್ರತಿಯೊಬ್ಬ ಹೆಂಗಸಿನ ಹೆಸರು ಬರೆದು ಮತದಾರರ ಪಟ್ಟಿ ತಯಾರಿಸಬೇಕೆಂದು ಹುಕುಂ ಬಂದಿತು. ತರುಣರೇ, ಆ ಹುಕುಮನ್ನು ಓದಿದಾಗ ಮೈ ಜುಮ್ಮೆಂದದ್ದನ್ನು ಹೇಗೆ ಹೇಳಲಿ! ಭೂಮಿಯಿಲ್ಲದವನೂ ಬರಬಹುದು, ಓದುಬರಹವಿಲ್ಲದವಳೂ ಬರಬಹುದು. ಅಂಥ ಪಟ್ಟಿಯನ್ನು ನಾನು ಅಲ್ಲಿಯವರೆಗೆ ಬರೆದಿರಲಿಲ್ಲ, ನನಗೆ ಕಲಿಸಿದವರೂ ಬರೆದಿರಲಿಲ್ಲ.

ಆ ಹುರುಪಿನಲ್ಲಿ ಒಂದು ಹಳ್ಳಿಗೆ ಹೋದೆನು. ಹಳ್ಳಿಯ ಹೆಸರನ್ನು ಬೇಕೆಂದೇ ಬರೆಯುವುದಿಲ್ಲ. ತಪ್ಪು ಊರಿನದಲ್ಲ, ಕಚೇರಿಯದೂ ಅಲ್ಲ, ನನ್ನದು. ಅಭ್ಯಾಸದಂತೆ ಪಟೇಲರ ಜಗಲಿಯ ಮೇಲೆ ಕುಳಿತೆನು.

"ಏನ್ ಸ್ವಾಮಿ, ನನಗೂ ಒಂದು ಓಟು, ನನ್ನ ತೋಟಿಗೂ ಒಂದು ಓಟಾ?" ಎಂದರು ಪಟೇಲರು.

"ಹೌದು ಪಟೇಲರೇ, ಒಂದೊಂದೇ."

"ಹಂಗಾದ್ರೆ ನಾನು ಪಟೇಲ ಹೆಂಗಾದೆ?" ಎಂದು ನಗಾಡುತ್ತ ಹೆಸರು ಹೇಳತೊಡಗಿದರು. ಮೇಲಿನ ಬೀದಿ, ಕೆಳಗಿನ ಬೀದಿ, ಕಾಲೊನಿ ಎಲ್ಲ ಆಯಿತು. ಕೆರೆಯ ಪಕ್ಕದ ಬೀದಿ ಬಂದಾಗ ನಿಲ್ಲಿಸಿದರು. ಆ ಬೀದಿಯಲ್ಲಿ ಮುಸಲ್ಮಾನರು. ತಲೆತಲಾಂತರದಿಂದ ಇಟ್ಟಿಗೆ, ಹೆಂಚು ಸುಡುವ ಕಸುಬಿನವರು.

"ಅವರನ್ನ ಬಿಡಿ ಸ್ವಾಮಿ. ಇವತ್ತೋ ನಾಳೆಯೋ ಪಾಕಿಸ್ತಾನಕ್ಕೆ ಹೊರಡೋರು. ಬರ್ಕೊಂಡು ಯಾಕೆ ಕಾಗದ ಹಾಳ್ಮಾಡ್ತೀರ?"

ಪಟೇಲರು ಕೆಟ್ಟವರಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಯಾರೋ ಓದಿ ಹೇಳಿದ್ದರು. ಅವರು ನಂಬಿದರು. ನಾನೂ ನಂಬಿದೆನು. ಎದ್ದು ಕೆರೆಯ ಪಕ್ಕಕ್ಕೆ ಹೋಗಿ ಒಂದು ಬಾಗಿಲು ತಟ್ಟಿದ್ದರೆ ಸಾಕಿತ್ತು. ಷರಾ ಕಾಲಮಿನಲ್ಲಿ 'ವಲಸೆ ಹೋಗುವ ಸಂಭವ' ಎಂದು ಅಂದವಾಗಿ ಬರೆದು, ಬೀದಿಯನ್ನು ಪೂರ್ತಿಯಾಗಿ ಬಿಟ್ಟು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆನು.

ಕರಡು ಪಟ್ಟಿ ಇನ್ನೂ ಪ್ರಕಟವಾಗಿರಲಿಲ್ಲ, ಅಷ್ಟರಲ್ಲಿ ಬೇಸಿಗೆಯ ಒಂದು ಬೆಳಿಗ್ಗೆ ಹೆಂಚಿನ ಸಾಹೇಬರು ಕೈಯಲ್ಲಿ ಪತ್ರಿಕೆ ಹಿಡಿದು ರಸ್ತೆಯಲ್ಲಿಯೇ ಕೂಗುತ್ತ ಬಂದರು: "ಗುಮಾಸ್ತರೇ! ನಿಮ್ಮ ಕಾಲಮಿಗೆ ಉತ್ತರ ಸಿಕ್ತು! ನಮಗೂ ಒಂದು ದೇಶ ಆಯ್ತು!" ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರ ರಾಜ್ಯ ಘೋಷಣೆಯಾಗಿತ್ತು. ಅವರ ಅಕ್ಕ ಒಬ್ಬರೇ ಅಲ್ಲಿನ ಹೈಫಾ ಎಂಬ ಬಂದರಿನಲ್ಲಿದ್ದರು. ಉಳಿದ ಬಂಧುಗಳಲ್ಲಿ ಯಾರೂ ಯುದ್ಧದಿಂದ ಬದುಕಿ ಬರಲಿಲ್ಲವೆಂಬುದನ್ನು ಸಾಹೇಬರು ನನಗೆ ಒಂದೇ ಒಂದು ಸಲ ಹೇಳಿದ್ದರು. ಆ ದಿನ ಅವರು ನಕ್ಕರೋ ಅತ್ತರೋ ತಿಳಿಯದು. ಕಾರ್ಖಾನೆಗೆಲ್ಲ ಮೈಸೂರುಪಾಕು ಹಂಚಿದರು. ನನ್ನನ್ನೂ ಎಳೆದುಕೊಂಡು ಹೋದರು.

ಗೂಡಿನ ಹತ್ತಿರ ಪೀರ್ ಸಾಬರು ನಿಂತಿದ್ದರು. ಅವರು ಗೂಡಿನ ಮೇಸ್ತ್ರಿ. ಬೆಂಕಿಯ ಬಣ್ಣ ನೋಡಿಯೇ ಹೆಂಚು ಬೆಂದಿತೇ ಇಲ್ಲವೇ ಎಂದು ಹೇಳಬಲ್ಲವರು. ಸಾಹೇಬರಿಗೆ ಕನ್ನಡ ಕಲಿಸಿದವರೂ ಅವರೇ. ಮೈಸೂರುಪಾಕನ್ನು ಕೈಯಲ್ಲಿಟ್ಟುಕೊಂಡು ಕೇಳಿದರು:

"ಮುಬಾರಕ್ ಸಾಬ್. ಒಂದು ಮಾತು ಕೇಳಲಾ? ಅಲ್ಲಿ ನಮ್ಮೋರೂ ಇದಾರಂತಲ್ಲ, ಅರಬ್ಬರು. ಅವರ ಗತಿ?"

"ಎಲ್ಲರಿಗೂ ಸಮಾನ ಹಕ್ಕು ಅಂತ ಘೋಷಣೆಯಲ್ಲೇ ಬರ್ದಿದ್ದಾರೆ ಕಣೋ ಪೀರೂ! ಮತ ಯಾವುದಾದ್ರೂ ಸರಿ!"

"ಹಕ್ಕು ಬರ್ದಿರೋದು ಸರಿ ಸಾಬ್. ಹೆಸರು ಬರ್ದಿದ್ದಾರಾ?"

ಸಾಹೇಬರಿಗೆ ಸ್ವಲ್ಪ ಮುನಿಸು ಬಂದಿತು. "ಯುದ್ಧ ನಡೀತಿದೆ, ನೆನ್ನೆ ಹುಟ್ಟಿದ ರಾಜ್ಯ! ಬರೀತಾರೆ. ಲೋಕದಲ್ಲಿ ಎಲ್ಲಾ ಬಾಗಿಲೂ ಮುಚ್ಚಿದ್ದಕ್ಕೇ ನಮಗೊಂದು ಮನೆ ಬೇಕಾಯ್ತು. ಮನೆ ನಮ್ಮದು ಅಂದ್ಮಾತ್ರಕ್ಕೆ ಅದರಲ್ಲಿ ಇರೋರೆಲ್ಲ ಸಮಾನರಾಗಿ ಇರಕ್ಕಾಗಲ್ವಾ?"

"ಆಗುತ್ತೆ ಸಾಬ್. ಯಜಮಾನ ಯಾರು, ಬಿಡಾರದವನು ಯಾರು ಅಂತ ದಿನಾ ನೆನಪಿಸದೇ ಇದ್ರೆ ಆಗುತ್ತೆ."

ವಾದ ಬಿಸಿಯಾಗತೊಡಗಿತು. ಕೂಲಿಯವರೆಲ್ಲ ಸುತ್ತ ನೆರೆದರು. ಆಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. "ನಿನ್ನ ದೇಶವನ್ನೇ ನೋಡು! ಇಲ್ಲಿ ಹಿಂದೂಗಳು ಹೆಚ್ಚು. ಆದ್ರೂ ನಿನ್ನ ಹೆಸರು ಪಟ್ಟೀಲಿದೆ. ಬರೆದೋರು ಇಲ್ಲೇ ನಿಂತಿದ್ದಾರೆ. ಪಟ್ಟಿ ಬಂದ ದಿನ ಕರ್ಕೊಂಡೋಗಿ ತೋರಿಸ್ತೀನಿ. ನಿನ್ನ ದೇಶ ಮಾಡಿದ್ದನ್ನ ನನ್ನ ದೇಶವೂ ಮಾಡುತ್ತೆ!" ಎಂದು ನನ್ನ ಭುಜದ ಮೇಲೆ ಕೈಹಾಕಿದರು.

ಪೀರ್ ಸಾಬರ ಮುಖ ಅರಳಿತು. "ನಿಜವಾ ಸ್ವಾಮಿ? ಬರ್ದಿದ್ದೀರಾ?"

ಅವರ ಮನೆ ಎಲ್ಲಿ ಎಂದು ಕೇಳಿದೆನು. ಅದೇ ಹಳ್ಳಿಯ ಹೆಸರು ಹೇಳಿ, ಕೆರೆಯ ಪಕ್ಕದ ಬೀದಿ, ಎಂದರು.

ತರುಣರೇ, ಮೈಸೂರುಪಾಕು ಬಾಯಲ್ಲಿಯೇ ಉಳಿಯಿತು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಕಚೇರಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆನು. ಮೊದಲ ತಪ್ಪು ಸೋಮಾರಿತನದ್ದಾದರೆ, ಇದು ಹೇಡಿತನದ್ದು.

ಕರಡು ಪಟ್ಟಿಯನ್ನು ಹಳ್ಳಿಯ ಚಾವಡಿಯ ಗೋಡೆಗೆ ಅಂಟಿಸಿದ ದಿನ ನಾನೂ ಅಲ್ಲಿರಲೇಬೇಕಾಗಿತ್ತು. ಸಾಹೇಬರು, ಪೀರ್ ಸಾಬರು ಇಬ್ಬರೂ ಬಂದರು. ಪೀರ್ ಸಾಬರು ಒಗೆದ ಅಂಗಿ ಹಾಕಿ, ರುಮಾಲು ಸುತ್ತಿದ್ದರು. ಅವರಿಗೆ ಓದಲು ಬಾರದು. ಸಾಹೇಬರು ಅಕ್ಷರ ಕೂಡಿಸಿಕೊಂಡು, ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಕೊನೆಯ ಹಾಳೆ ಮುಗಿಯಿತು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಆ ಬೀದಿಗೆ ಹೋಗಲಿಲ್ಲ," ಎಂದೆನು.

ಪೀರ್ ಸಾಬರು ಸಾಹೇಬರಿಗೆ ಹೇಳಿದರು: "ಹೋಗ್ಲಿ ಬಿಡಿ ಸಾಬ್. ಅವರು ಹೊಸದಾಗಿ ಮಾಡ್ತಿದ್ದಾರೆ. ನಿಮ್ಮೋರ ಹಂಗೇ." ಬೈದಿದ್ದರೆ ತಾಳಿಕೊಳ್ಳುತ್ತಿದ್ದೆನು.

ಪಟ್ಟಿಯ ಕೆಳಗಡೆ ನಾನೇ ನಕಲು ಮಾಡಿದ ಒಂದು ಸೂಚನೆ ಇತ್ತು: ಬಿಟ್ಟುಹೋದ ಹೆಸರುಗಳಿದ್ದಲ್ಲಿ ಗೊತ್ತುಪಡಿಸಿದ ದಿನದೊಳಗಾಗಿ ತಿಳಿಸಿ ತಿದ್ದಿಸಿಕೊಳ್ಳತಕ್ಕದ್ದು. ಉಳಿದಿದ್ದದ್ದು ನಾಲ್ಕೇ ದಿನ. ನೇರವಾಗಿ ತಾಲ್ಲೂಕಿನ ಮುಖ್ಯಾಧಿಕಾರಿಗಳಾದ ಅಮಲ್ದಾರರ ಬಳಿಗೆ ಓಡಿದೆನು.

"ಎಷ್ಟು ಹೆಸರು ಬಿಟ್ಟಿದ್ದೀರಿ?"

"ಒಂದು ಬೀದಿ ಪೂರ್ತಿ, ಮಹಾಸ್ವಾಮಿ."

"ಯಾರು ಹೇಳಿದರು?"

"ಪಟೇಲರು..."

"ಹೊರಡುತ್ತೇವೆಂದು ಆ ಬೀದಿಯವರು ಹೇಳಿದರೋ, ಪಟೇಲರು ಹೇಳಿದರೋ?" ಅಮಲ್ದಾರರು ಒಂದು ಬಿಳಿ ಹಾಳೆ ಮುಂದೆ ನೂಕಿ, "'ನಾನು ಬೀದಿಗೆ ಹೋಗಲಿಲ್ಲ' ಎಂದು ಬರೆದು ರುಜು ಮಾಡಿ. ಅದು ನಿಮ್ಮ ಸೇವಾ ಪುಸ್ತಕದಲ್ಲಿರಲಿ. ಈಗ ಹೋಗಿ. ನಾಲ್ಕು ದಿನ ಕಚೇರಿಗೆ ಮುಖ ತೋರಿಸಬೇಡಿ," ಎಂದರು.

ಹೋದೆನು. ಸೇವೆಗೆ ಸೇರಿದ ಮೇಲೆ ಪಟ್ಟಿ ಬರೆಯಲು ಜಗಲಿ ಇಳಿದದ್ದು ಅದೇ ಮೊದಲು! ಪೀರ್ ಸಾಬರು ಮುಂದೆ, ನಾನು ಹಿಂದೆ. ಆದರೆ ಸುಲಭವೆಂದುಕೊಂಡಿದ್ದ ಕೆಲಸ ಕಷ್ಟವಾಯಿತು. ಮೊದಲು ಬರೆಯಲಿಲ್ಲ, ಈಗ ಇವರ ಬೀದಿಯನ್ನು ಮಾತ್ರ ಬೇರೆಯಾಗಿ ಬರೆಯುತ್ತಿದ್ದಾರೆಂದರೆ ಏನೋ ಇದೆ ಎಂದು ಜನ ಬಾಗಿಲು ಹಾಕಿಕೊಂಡರು. ಪೀರ್ ಸಾಬರ ತಾಯಿಯೇ ಹೊಸ್ತಿಲಲ್ಲಿ ಅಡ್ಡ ಕುಳಿತು ಕೇಳಿದರು:

"ಯಾಕಪ್ಪಾ ಬರ್ಕೊಳ್ತೀಯ? ಕಳ್ಸೋಕಾ, ಇಟ್ಕೊಳ್ಳೋಕಾ?"

"ಇಟ್ಟುಕೊಳ್ಳೋಕೆ ನೀವು ಬಿಡಾರದವರಲ್ಲಮ್ಮಾ. ಇಲ್ಲಿ ಯಾರು ಆಳಬೇಕು ಅಂತ ನೀವೂ ಹೇಳೋದಕ್ಕೆ," ಎಂದೆನು. ಆ ಮಾತು ಎಲ್ಲಿಂದ ಬಂದಿತೋ ತಿಳಿಯದು. ಬಹುಶಃ ಗೂಡಿನ ಮುಂದೆ ಕೇಳಿದ ವಾದದಿಂದಲೇ.

ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನನ್ನ ಗೋರಿ ಜಾಗ ಕೂಡ ಇಲ್ಲೇ ಗೊತ್ತುಮಾಡಿದ್ದೀನಿ. ಬರ್ಕೊ. ಫಾತಿಮಾಬಿ. ವಯಸ್ಸು ನೀನೇ ಹಾಕ್ಕೊ, ಜಾಸ್ತಿ ಹಾಕಬೇಡ," ಎಂದರು. ಬೀದಿಯಲ್ಲೆಲ್ಲ ನಗು! ಒಂದೊಂದೇ ಬಾಗಿಲು ತೆರೆಯಿತು.

ಸಾಹೇಬರು ಬೀದಿಯೊಳಗೆ ಬರಲಿಲ್ಲ. ಮೂಲೆಯ ಹುಣಸೆಮರದ ಹತ್ತಿರವೇ ನಿಂತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಮನೆ ಮನೆಗೆ ಹೋಗಿ ಒಂದು ಜಾತಿಯವರ ಪಟ್ಟಿ ಬರೆಯೋದನ್ನ ನೋಡಿದ್ರೆ ನನಗೆ ಕಾಲು ನಡುಗುತ್ತೆ. ನಮ್ಮೋರನ್ನೂ ಮೊದಲು ಬರೆದೇ ಕರ್ಕೊಂಡೋಗಿದ್ದು. ನೀನು ಬರೀತಿರೋದು ಬೇರೆ ಅಂತ ಗೊತ್ತು. ಕಾಲಿಗೆ ಗೊತ್ತಿಲ್ಲ," ಎಂದರು.

ಮೂರನೆಯ ದಿನ ಇಳಿಹೊತ್ತಿಗೆ ಬೀದಿ ಮುಗಿಯಿತು. ನಾಲ್ಕನೆಯ ದಿನ ಹೆಸರುಗಳು ಪಟ್ಟಿಗೆ ಸೇರಿದವು. ಪೀರ್ ಸಾಬರು ಚಾವಡಿಯ ಗೋಡೆಯ ಮೇಲೆ ತಮ್ಮ ಹೆಸರಿನ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಗೂಡಿನ ಬೆಂಕಿ ಪರೀಕ್ಷಿಸುವವರಂತೆ ಕಣ್ಣು ಕಿರಿದು ಮಾಡಿ, "ಬೆಂದಿದೆ," ಎಂದರು. ನನಗೆ ಕುಣಿಯಬೇಕೆನಿಸಿತು!

ಸಾಹೇಬರೂ ಇಲ್ಲಿಯೇ ನೆಲೆಸುವುದಾಗಿ ಬರೆದುಕೊಟ್ಟರೆ ಅವರ ವಿಚಾರವನ್ನೂ ಮೇಲಕ್ಕೆ ಬರೆಯುವೆನೆಂದು ಹೇಳಿದೆನು. ಅವರು ಅಕ್ಕನ ಕಾಗದ ತೋರಿಸಿದರು. ಹೊರಡುವ ಮನಸ್ಸು ಮಾಡಿದ್ದರು.

"ಅಲ್ಲಿ ನಾನು ಹೆಚ್ಚು ಸಂಖ್ಯೆಯವನಾಗ್ತೀನಿ, ಹುಟ್ಟಿದಮೇಲೆ ಮೊದಲ್ನೇ ಸಲ. ಭಯ ಆಗುತ್ತೆ ಕಣಯ್ಯಾ. ಕಡಿಮೆ ಸಂಖ್ಯೆಯವನಾಗಿ ಇರೋ ಕೆಲಸ ನನಗೆ ಚೆನ್ನಾಗಿ ಬರುತ್ತೆ. ಇದು ಗೊತ್ತಿಲ್ಲ."

"ನನಗೂ ಗೊತ್ತಿರಲಿಲ್ಲ ಸ್ವಾಮಿ," ಎಂದೆನು.

ಮಾಲೂರು ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ಪೀರ್ ಸಾಬರು ಕಿಟಕಿಗೆ ಮುಖವಿಟ್ಟು ಕೂಗಿದರು: "ಸಾಬ್! ಅಲ್ಲಿ ಪಟ್ಟಿ ಬರೆಯೋರಿಗೆ ಹೇಳಿ, ಜಗಲಿ ಮೇಲೆ ಕೂರಬೇಡಿ ಅಂತ!"

ವರ್ಷದ ಮೇಲೆ ಹೈಫಾದಿಂದ ಕಾಗದ ಬಂದಿತು. ಸಾಹೇಬರು ಅಲ್ಲಿನ ಮತದಾರರ ಪಟ್ಟಿಯ ಕೆಲಸಕ್ಕೆ ತಾವಾಗಿಯೇ ಹೆಸರು ಕೊಟ್ಟು, ಅರಬ್ಬಿ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು, ಗುಡ್ಡದ ಕೆಳಗಿನ ಬೀದಿಯಲ್ಲಿ ಪ್ರತಿ ಬಾಗಿಲನ್ನೂ ತಟ್ಟಿದರಂತೆ. ಕೆಲವರು ಕಾಫಿ ಕೊಟ್ಟರಂತೆ. ಕೆಲವರು ಫಾತಿಮಾಬಿಯವರ ಪ್ರಶ್ನೆಯನ್ನೇ ಕೇಳಿದರಂತೆ. ಇದ್ದವರನ್ನೆಲ್ಲ ಬರೆದರಂತೆ. ಅವರೂ ಮತ ಹಾಕುವರಂತೆ. ಇದನ್ನು ಓದಿದಾಗ ನಾನು ಎದ್ದು ನಿಂತುಬಿಟ್ಟೆನು! ಆದರೆ ಕಾಗದ ಅಲ್ಲಿಗೆ ಮುಗಿಯಲಿಲ್ಲ. ಆ ಬೀದಿಯಲ್ಲಿ ಬೀಗ ಬಿದ್ದ ಮನೆಗಳೂ ಬಹಳವಿದ್ದವಂತೆ. ಯುದ್ಧದಲ್ಲಿ ಊರು ಬಿಟ್ಟವರ ಮನೆಗಳು. ಕೆಲವು ಮನೆಗಳಲ್ಲಿ, ಸಾಹೇಬರಂತೆಯೇ ಎಲ್ಲವನ್ನೂ ಕಳೆದುಕೊಂಡು ಯೂರೋಪಿನಿಂದ ಬಂದ ಯೆಹೂದ್ಯರು ಬಿಡಾರ ಹೂಡಿದ್ದರಂತೆ. 'ಈಗ ಇರುವವರನ್ನು ಬರೆದೆ. ಮೊದಲು ಇದ್ದವರಿಗೆ ಕಾಲಂ ಇಲ್ಲ. ಗುಮಾಸ್ತರೇ, ನೀವಾಗಿದ್ದರೆ ಷರಾ ಏನು ಬರೆಯುತ್ತಿದ್ದಿರಿ?'

ಕಾಗದವನ್ನು ಗೂಡಿನ ಹತ್ತಿರ ಪೀರ್ ಸಾಬರಿಗೆ ಓದಿ ಹೇಳಿದೆನು. ಅವರು ಬೆಂಕಿಗೆ ಒಂದು ಸೌದೆ ನೂಕಿದರು.

"ಖಾಲಿ ಬಿಡಬೇಡಿ ಅಂತ ಬರೀರಿ ಸ್ವಾಮಿ. ಏನೂ ತೋಚದಿದ್ರೆ, ಇಲ್ಲಿ ಜನ ಇದ್ರು, ನಾನು ಬಂದಾಗ ಇರಲಿಲ್ಲ ಅಂತಾದ್ರೂ ಬರೀಲಿ. ಮುಂದೆ ಬರೋ ಗುಮಾಸ್ತ ನೋಡ್ಕೊಳ್ಳಲಿ."

ಹಾಗೆಯೇ ಬರೆದು ಕಳುಹಿಸಿದೆನು. ಸಾಹೇಬರು ಹಾಗೆ ಬರೆದರೋ ಇಲ್ಲವೋ, ಮತ್ತೆ ಕಾಗದ ಬರಲಿಲ್ಲ.

ಒಂದು ಜನಾಂಗದ ಮನೆಯೂ ಆಗಿ, ಅದರಲ್ಲಿರುವ ಎಲ್ಲರ ರಾಜ್ಯವೂ ಆಗಬಹುದೇ ಎಂಬ ಸಾಹೇಬರ ಪ್ರಶ್ನೆಗೆ ಉತ್ತರ ಕೊಡುವಷ್ಟು ಓದಿದವನು ನಾನಲ್ಲ. ಆ ಉತ್ತರವನ್ನು ಘೋಷಣೆ ಬರೆಯುವವರಷ್ಟೇ ಪಟ್ಟಿ ಬರೆಯುವವರೂ ಬರೆಯುತ್ತಾರೆ, ಅಂದರೆ ನೀವು, ಎಂಬುದಷ್ಟೇ ನನಗೆ ಗೊತ್ತು. ಆದಕಾರಣ ಜಗಲಿಯಿಂದ ಇಳಿಯಬೇಕೆಂದು ಪ್ರಾರ್ಥನೆ.

ಈ ಬರಹವೂ ಒಂದು ಕರಡು ಪಟ್ಟಿಯೇ. ಇದರಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಬೇಕು, ಸಂಗತಿ ತಪ್ಪಿದ್ದರೆ ತಿಳಿಸಬೇಕು. ನಾನು ಕಾಣದೆ, ಅಥವಾ ಯಾರೋ ಹೇಳಿದರೆಂದು ನಂಬಿ, ಯಾರನ್ನಾದರೂ ಬಿಟ್ಟಿರುವುದು ತಮ್ಮ ಗಮನಕ್ಕೆ ಬಂದರೆ, ನನ್ನ ರುಜುವಿನ ಮೇಲ್ಗಡೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಅವರ ಹೆಸರನ್ನು ದಯಮಾಡಿ ಅಲ್ಲಿ ಬರೆಯಬೇಕು.